ಮೊದಲು ತಿಥಿ, ಆಮೇಲೆ ಲೆನ್ಸ್: ಕಾಂಡ್ಲಾ ಕಾಡನ್ನು ದೋಣಿಯಿಂದ ಚಿತ್ರಿಸುವ ಬಗೆ

ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಚಿತ್ರ ತೆಗೆಯಬೇಕೆಂದು ಹೊರಡುವವರು ಮೊದಲು ವಿಚಾರಿಸುವುದು ಯಾವ ಲೆನ್ಸ್ ಬೇಕು ಎಂದು. ಅದಕ್ಕೂ ಮುಂಚೆ ವಿಚಾರಿಸಬೇಕಾದ್ದು ಆ ದಿನ ನೀರು ಯಾವಾಗ ಏರುತ್ತದೆ, ಯಾವಾಗ ಇಳಿಯುತ್ತದೆ ಎಂಬುದನ್ನು. ಬೆಟ್ಟದ ಚಿತ್ರಕ್ಕೆ ಬಿಸಿಲು ಒದಗಿದರೆ ಸಾಕು. ಅಳಿವೆಯ ಜೌಗಿನಲ್ಲಿ ಬೆಳಕೂ ನೀರೂ ಒಟ್ಟಿಗೆ ಒದಗಬೇಕು. ಇಳಿತದ ಹೊತ್ತಿನಲ್ಲಿ ಕಾಂಡ್ಲಾ ಮರ ಎದೆಮಟ್ಟದ ಬೇರುಗಳ ಮೇಲೆ ನಿಂತಿರುತ್ತದೆ. ಆರು ಗಂಟೆ ಬಿಟ್ಟು ಅಲ್ಲಿಗೇ ಹೋದರೆ ಬೇರು ಒಂದೂ ಕಾಣದು, ಎಲೆಗಳ ರಾಶಿಯೊಂದು ನೀರಿನ ಮೇಲೆ ಕೂತಿರುತ್ತದೆ. ಎರಡೂ ಚೆಂದವೇ. ಯಾವುದು ಬೇಕೆಂದು ಮನೆಯಲ್ಲೇ ತೀರ್ಮಾನಿಸಿ ಹೊರಟರೆ ಬೇಕಾದದ್ದು ಸಿಗುತ್ತದೆ, ಇಲ್ಲದಿದ್ದರೆ ಸಿಕ್ಕಿದ್ದಕ್ಕೆ ತೃಪ್ತಿಪಡಬೇಕಾಗುತ್ತದೆ.

ಇಲ್ಲಿ ಹೇಳುವ ಕ್ರಮ ಉತ್ತರ ಕನ್ನಡ ಜಿಲ್ಲೆಯ ಅಘನಾಶಿನಿ ಮತ್ತು ಶರಾವತಿ ಅಳಿವೆಗಳನ್ನು ಮುಂದಿಟ್ಟುಕೊಂಡದ್ದು. ತಮಿಳುನಾಡಿನ ಪಿಚಾವರಂಗೂ ಒಡಿಶಾದ ಭಿತರ್‌ಕನಿಕಾಕ್ಕೂ ಬಹುಪಾಲು ಇದೇ ಹೊಂದುತ್ತದೆ. ಆದರೆ ಪಿಚಾವರಂನಲ್ಲಿ ಉಬ್ಬರ-ಇಳಿತಗಳ ಅಂತರ ನಮ್ಮ ಕರಾವಳಿಯಷ್ಟಿಲ್ಲ. ಭಿತರ್‌ಕನಿಕಾದ ನೀರಿನಲ್ಲಿ ದೊಡ್ಡ ಉಪ್ಪುನೀರಿನ ಮೊಸಳೆಗಳಿವೆ, ಅಲ್ಲಿ ದೋಣಿಯಿಂದ ಕೈ ಹೊರಗೆ ಚಾಚುವ ಮಾತೇ ಇಲ್ಲ.

ಎಲ್ಲಿಗೆ ಹೋಗಬೇಕು

ಅಘನಾಶಿನಿ ಶಿರಸಿಯ ಕಡೆ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ಕುಮಟಾ ತಾಲ್ಲೂಕಿನಲ್ಲಿ ಸಮುದ್ರ ಸೇರುವ ನದಿ. ಇದಕ್ಕೆ ಎಲ್ಲಿಯೂ ಅಣೆಕಟ್ಟಿಲ್ಲ. ಒಂದು ದಡದಲ್ಲಿ ತದಡಿ, ಇನ್ನೊಂದು ದಡದಲ್ಲಿ ಅಘನಾಶಿನಿ ಊರು, ನಡುವೆ ನದೀಮುಖ. ಅಲ್ಲಿಂದ ಒಳಕ್ಕೆ ಹೋದಂತೆ ನೀರು ಅಗಲವಾಗಿ ಹರಡಿ, ನದಿ ನಡುವಿನ ಕುದ್ರುಗಳು, ಕೆಸರುಬಯಲು, ಉಪ್ಪುನೀರು ನುಗ್ಗುವ ಗಜನಿ ಗದ್ದೆ, ಕಾಂಡ್ಲಾ ಕಾಡು ಎಲ್ಲವೂ ಒಂದರ ಪಕ್ಕ ಒಂದು ಸಿಗುತ್ತವೆ. 2024ರ ಜನವರಿಯಲ್ಲಿ ಈ ಅಳಿವೆ ರಾಮ್ಸರ್ ತಾಣಗಳ ಪಟ್ಟಿಗೆ ಸೇರಿತು. ವಿಸ್ತಾರ 4,801 ಹೆಕ್ಟೇರ್. ರೈಲಿನಲ್ಲಿ ಬರುವವರಿಗೆ ಕುಮಟಾ, ಮಿರ್ಜಾನ್, ಗೋಕರ್ಣ ರೋಡ್ ನಿಲ್ದಾಣಗಳು ಹತ್ತಿರ.

ಹೊನ್ನಾವರದ ಶರಾವತಿ ಅಳಿವೆ ಹೊಸಬರಿಗೆ ಸುಲಭ. ಹೆದ್ದಾರಿ ಸೇತುವೆಯ ಆಸುಪಾಸಿನಲ್ಲೇ ಪ್ರವಾಸಿ ದೋಣಿಗಳು ಸಿಗುತ್ತವೆ. ಕಾಸರಕೋಡಿನ ಕಾಂಡ್ಲಾ ಕಾಡಿನೊಳಗೆ ಅರಣ್ಯ ಇಲಾಖೆ ಹಾಕಿಸಿದ ಮರದ ಕಾಲುದಾರಿಯಿದೆ. ದೋಣಿ ಹತ್ತುವ ಮುಂಚೆ ಅದರ ಮೇಲೆ ಒಮ್ಮೆ ನಡೆದು ಬನ್ನಿ. ಯಾವ ಜಾತಿಯ ಮರಕ್ಕೆ ಯಾವ ಬಗೆಯ ಬೇರು ಎಂದು ಕಣ್ಣಿಗೆ ಪರಿಚಯವಾದರೆ ನೀರಿನ ಮೇಲೆ ಅರ್ಧ ಕೆಲಸ ಹಗುರಾಗುತ್ತದೆ. ಶರಾವತಿಗೆ ಮೇಲಿನ ವಿದ್ಯುದಾಗಾರಗಳಿಂದ ಬೇಸಿಗೆಯಲ್ಲೂ ಸಿಹಿನೀರು ಬಂದು ಬೀಳುತ್ತದೆ, ಹಾಗಾಗಿ ಅಳಿವೆಯಲ್ಲಿ ಉಪ್ಪು ಕಡಿಮೆ. ಅಘನಾಶಿನಿಯಲ್ಲಿ ಬಿರುಬೇಸಿಗೆಗೆ ಸಮುದ್ರವೇ ಒಳಗೆ ಬಂದು ಕೂರುತ್ತದೆ. ನಿಧಾನವಾಗಿ, ಜನಜಂಗುಳಿಯಿಲ್ಲದೆ ಚಿತ್ರ ತೆಗೆಯುವವರಿಗೆ ನಾನು ಅಘನಾಶಿನಿಯನ್ನೇ ಸೂಚಿಸುತ್ತೇನೆ.

ಕಾಲ ಅಕ್ಟೋಬರ್ ಕೊನೆಯಿಂದ ಫೆಬ್ರವರಿಯವರೆಗೆ. ಮಳೆಗಾಲದ ಸೆಳೆತಕ್ಕೆ ಸಣ್ಣ ದೋಣಿ ಇಳಿಸುವುದು ಜೀವದ ಜೊತೆ ಆಟ. ಚಿತ್ರಕ್ಕಾಗಿ ಯಾರೂ ಅದನ್ನು ಮಾಡಬಾರದು, ದೋಣಿಯವರನ್ನು ಹಾಗೆ ಒತ್ತಾಯಿಸಲೂ ಬಾರದು.

ಪಂಚಾಂಗ ಮತ್ತು ಕೋಷ್ಟಕ

ದಿನಕ್ಕೆ ಎರಡು ಸಲ ನೀರು ಏರುತ್ತದೆ, ಎರಡು ಸಲ ಇಳಿಯುತ್ತದೆ. ದಿನದಿಂದ ದಿನಕ್ಕೆ ಈ ಹೊತ್ತು ಸರಿಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳ ಬಳಿಕದ ಒಂದೆರಡು ದಿನ ಏರಿಳಿತ ಜೋರು. ಅಷ್ಟಮಿಯ ಆಸುಪಾಸಿನಲ್ಲಿ ಸೌಮ್ಯ. ಇಷ್ಟು ಎಲ್ಲರಿಗೂ ಗೊತ್ತು. ಛಾಯಾಗ್ರಾಹಕರಿಗೆ ಬೇಕಾದದ್ದು ಇದರ ಮುಂದಿನ ಲೆಕ್ಕ.

ಒಂದು ಊರಿನಲ್ಲಿ ಒಂದು ತಿಥಿಗೆ ಉಬ್ಬರ ಬರುವ ಹೊತ್ತು ಹೆಚ್ಚುಕಡಿಮೆ ಒಂದೇ. ನಮ್ಮ ಉತ್ತರ ಕನ್ನಡ ಕರಾವಳಿಯಲ್ಲಿ ಅಮಾವಾಸ್ಯೆ-ಹುಣ್ಣಿಮೆಯ ದಿನಗಳಲ್ಲಿ ಉಬ್ಬರ ತುದಿ ಮುಟ್ಟುವುದು ಸ್ಥೂಲವಾಗಿ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಮತ್ತು ರಾತ್ರಿ ಹನ್ನೊಂದರ ಹೊತ್ತಿಗೆ. ಅಂದರೆ ನೀರು ತಳ ಕಾಣುವುದು ನಸುಕಿಗೆ ಮತ್ತು ಸಂಜೆಗೆ. ಬೇರುಗಳು, ಕೆಸರುಬಯಲು, ಅದರಲ್ಲಿ ನೀರು ಕೊರೆದ ಸಣ್ಣ ಕಾಲುವೆಗಳ ಗೆರೆ ಇವೆಲ್ಲ ಎಳೆಬಿಸಿಲಿನಲ್ಲಿ ಬೇಕೆಂದರೆ ಹುಣ್ಣಿಮೆ ಅಥವಾ ಅಮಾವಾಸ್ಯೆಯ ಹತ್ತಿರದ ದಿನ ಹಿಡಿಯಿರಿ. ಅಷ್ಟಮಿಯ ಹೊತ್ತಿಗೆ ಲೆಕ್ಕ ತಿರುಗುಮುರುಗಾಗುತ್ತದೆ: ನಸುಕಿಗೂ ಸಂಜೆಗೂ ನೀರು ಮೇಲಿರುತ್ತದೆ, ಸೆಳೆತ ಕಡಿಮೆ, ದೋಣಿ ಮರಗಳ ಸಂದಿಗೆ ಹೋಗಬಲ್ಲದು. ಮರ ಮತ್ತು ಅದರ ಪ್ರತಿಬಿಂಬ ಎರಡನ್ನೂ ಒಂದೇ ಚೌಕಟ್ಟಿಗೆ ತರಬೇಕೆಂದರೆ ಅಷ್ಟಮಿಯೇ ಸರಿ. ಮಂಜೂ ಕವಿದರೆ ಅದಕ್ಕಿಂತ ಒಳ್ಳೆಯ ಬೆಳಗು ಸಿಗಲಾರದು.

ಇದು ಅಂದಾಜು ಮಾತ್ರ. ಖಚಿತ ಹೊತ್ತಿಗೆ ಆ ದಿನದ ಕೋಷ್ಟಕ ನೋಡಲೇಬೇಕು. ಭಾರತೀಯ ಸರ್ವೇಕ್ಷಣಾ ಇಲಾಖೆ ಪ್ರತಿವರ್ಷ ಉಬ್ಬರವಿಳಿತದ ಕೋಷ್ಟಕ ಪ್ರಕಟಿಸುತ್ತದೆ. ಹೈದರಾಬಾದಿನ ಸಾಗರ ಮಾಹಿತಿ ಸಂಸ್ಥೆ ಇನ್‌ಕಾಯಿಸ್‌ನ ಮುನ್ಸೂಚನೆಯೂ ಸಿಗುತ್ತದೆ. ಕೋಷ್ಟಕದಲ್ಲಿ ಹೊತ್ತಿನ ಜೊತೆ ನೀರಿನ ಎತ್ತರದ ಅಂಕಿಯನ್ನೂ ಗಮನಿಸಿ. ಒಂದೇ ದಿನದ ಎರಡು ಇಳಿತಗಳು ಒಂದೇ ಮಟ್ಟಕ್ಕೆ ಇಳಿಯುವುದಿಲ್ಲ. ಬೆಳಗಿನದ್ದಕ್ಕಿಂತ ಸಂಜೆಯದ್ದು ಹೆಚ್ಚು ಇಳಿಯಬಹುದು, ಇಲ್ಲವೇ ಅದರ ತಿರುಗುಮುರುಗು. ಇನ್ನೊಂದು ಮಾತು, ಕೋಷ್ಟಕದ ಹೊತ್ತು ಸಮುದ್ರ ದಡದ ಬಂದರಿನದು. ಅಳಿವೆಯ ಒಳಕ್ಕೆ ಹೋದಷ್ಟೂ ನೀರು ತಡವಾಗಿ ಏರಿ, ತಡವಾಗಿ ಇಳಿಯುತ್ತದೆ. ಎಷ್ಟು ತಡ ಎನ್ನುವುದು ಆ ಜಾಗದ ದೋಣಿಯವರಿಗೆ ಬಾಯಿಪಾಠ. ಅವರು ಉಬ್ಬರಕ್ಕೆ ಭರತ, ಇಳಿತಕ್ಕೆ ಇಳತ ಎಂದು ಹೇಳುವುದನ್ನು ಗುರುತು ಹಾಕಿಕೊಂಡು ಕೋಷ್ಟಕದ ಪಕ್ಕ ಬರೆದಿಡಿ.

ಕಿರುಗಾಲುವೆಗಳಿಗೆ ನುಗ್ಗುವುದಿದ್ದರೆ ಏರುವ ನೀರಿನಲ್ಲೇ ನುಗ್ಗಿ. ಏರುವ ನೀರಿನಲ್ಲಿ ದೋಣಿ ಕೆಸರಿಗೆ ಕಚ್ಚಿದರೆ ಹತ್ತು ನಿಮಿಷ ಸುಮ್ಮನೆ ಕುಳಿತರಾಯಿತು, ನೀರೇ ಎತ್ತಿ ಬಿಡುತ್ತದೆ. ಇಳಿಯುವ ನೀರಿನಲ್ಲಿ ಕಚ್ಚಿದರೆ ಮುಂದಿನ ಉಬ್ಬರದವರೆಗೆ ಬಿಸಿಲಲ್ಲಿ ಕೂರಬೇಕು. ಇಳಿದು ನೂಕೋಣವೆಂದರೆ ಹುದುಲು ತೊಡೆಯವರೆಗೂ ಎಳೆದುಕೊಳ್ಳುತ್ತದೆ. ಬೇರುಗಳ ಚಿತ್ರ ಬೇಕೆಂದು ಇಳಿತಕ್ಕೆ ಹೋಗುವವರು ಕಿರುಗಾಲುವೆ ಬಿಟ್ಟು ಮುಖ್ಯ ಹರಿವಿನ ಅಂಚಿನಲ್ಲೇ ಉಳಿಯಬೇಕು.

ಉಬ್ಬರ ತುದಿ ಮುಟ್ಟಿ ಇಳಿತ ಶುರುವಾಗುವ ನಡುವೆ ಸ್ವಲ್ಪ ಹೊತ್ತು ನೀರು ಅತ್ತಲೂ ಇಲ್ಲ, ಇತ್ತಲೂ ಇಲ್ಲ. ತೇಲುವ ಎಲೆ ನಿಂತಲ್ಲೇ ನಿಲ್ಲುತ್ತದೆ. ಪ್ರತಿಬಿಂಬದ ಚಿತ್ರಗಳೆಲ್ಲ ಈ ಹೊತ್ತಿನವು. ಎಲೆ ಮತ್ತೆ ಸರಿಯಲು ಶುರುಮಾಡಿದ ಕೂಡಲೇ ಅಂಬಿಗರು ದೋಣಿ ತಿರುಗಿಸುವ ಮಾತಾಡುತ್ತಾರೆ. ಆಗ ಇನ್ನೊಂದೇ ಫೋಟೊ ಎಂದು ಹಟ ಹಿಡಿಯಬೇಡಿ.

ಗಾಳಿಯ ಲೆಕ್ಕವೂ ಇದೆ. ಬೆಳಿಗ್ಗೆ ನೆಲದ ಕಡೆಯಿಂದ ಸಣ್ಣಗೆ ಬೀಸುವ ಗಾಳಿ ಹೊತ್ತೇರಿದಂತೆ ನಿಂತು, ಬಳಿಕ ಸಮುದ್ರದ ಕಡೆಯಿಂದ ಬಲವಾಗುತ್ತದೆ. ಮಧ್ಯಾಹ್ನದ ಮೇಲೆ ನೀರಿನ ಮೈಯೆಲ್ಲ ಸುಕ್ಕು. ಇಳಿಯುವ ನೀರು ಸಮುದ್ರದತ್ತ, ಗಾಳಿ ಒಳಗಿನತ್ತ ಎಂದಾದಾಗ ಅಗಲ ಹರಿವಿನಲ್ಲಿ ಚೂಪು ಅಲೆಗಳೇಳುತ್ತವೆ. ಸಣ್ಣ ದೋಣಿಗೂ ಕ್ಯಾಮೆರಾಕ್ಕೂ ಅದು ಒಳ್ಳೆಯದಲ್ಲ. ಹಾಗಾಗಿ ಬೆಳಗೇ ವಾಸಿ.

ದೋಣಿ, ದೋಣಿಯವರು

ಇಬ್ಬರು ಮೂವರು ಕೂರುವ ಪಾತಿ ದೋಣಿ ಸಿಕ್ಕರೆ ಬೇರೆ ಯೋಚನೆ ಬೇಡ. ಅದು ಮೊಣಕಾಲಷ್ಟು ನೀರಿನಲ್ಲೂ ಹೋಗುತ್ತದೆ, ಹುಟ್ಟಿನ ಸದ್ದು ಬಿಟ್ಟರೆ ಸದ್ದಿಲ್ಲ. ತಳ ಕಿರಿದಾದ್ದರಿಂದ ಓಲಾಟ ಹೆಚ್ಚು ಎಂಬುದೊಂದೇ ಕೊರತೆ. ಫೈಬರ್ ದೋಣಿ ಅಗಲ, ಭದ್ರ. ಎಂಜಿನ್ ಇದ್ದರೆ ದೂರ ಹೋಗಬಹುದು. ಎಂಜಿನ್ ದೋಣಿಯಲ್ಲಿ ಹೋಗುವವರು ಹುಟ್ಟು ಅಥವಾ ಬಿದಿರ ಗಳ ದೋಣಿಯಲ್ಲಿದೆಯೇ ಎಂದು ಮೊದಲೇ ನೋಡಿಕೊಳ್ಳಿ. ಚಿತ್ರದ ಜಾಗಕ್ಕೆ ನೂರು ಮಾರು ದೂರವಿರುವಾಗಲೇ ಎಂಜಿನ್ ನಿಲ್ಲಿಸಿ ಹುಟ್ಟು ಹಾಕಿಕೊಂಡು ಹೋಗಬೇಕು. ಇಲ್ಲದಿದ್ದರೆ ದೋಣಿ ಎಬ್ಬಿಸಿದ ಅಲೆ ನಿಮಗಿಂತ ಮುಂಚೆ ಬೇರುಗಳಿಗೆ ಬಡಿದು ಪ್ರತಿಬಿಂಬ ಕಲಕಿ ಹೋಗಿರುತ್ತದೆ.

ಹಿಂದಿನ ಸಂಜೆಯೇ ಹೋಗಿ ದೋಣಿಯವರನ್ನು ಕಂಡು ಮಾತಾಡಿ. ಪ್ರವಾಸಿ ದೋಣಿಗಳು ಸುತ್ತಿನ ಲೆಕ್ಕದಲ್ಲಿ ದುಡ್ಡು ಕೇಳುತ್ತವೆ. ನಿಮಗೆ ಬೇಕಾದದ್ದು ಗಂಟೆಯ ಲೆಕ್ಕ. ದೋಣಿ ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚು, ಬೆಳಕು ಹರಿಯುವ ಮುಂಚೆ ಹೊರಡಬೇಕು ಎಂಬುದನ್ನು ಬಿಡಿಸಿ ಹೇಳಿ, ದರ ಮೊದಲೇ ಗೊತ್ತುಮಾಡಿಕೊಳ್ಳಿ. ಹಳೆಯ ಫೋಟೊ ಒಂದೆರಡನ್ನು ತೋರಿಸಿ, “ಅಣ್ಣಾ, ಇಂಥ ಬೇರು ಎಲ್ಲಿ ಚೆನ್ನಾಗಿ ಕಾಣ್ತದೆ?” ಎಂದು ಕೇಳಿದರೆ ನಕ್ಷೆಯಲ್ಲಿಲ್ಲದ ಜಾಗಗಳು ತಾವಾಗಿ ಬರುತ್ತವೆ. ನೀರಿನ ಮೇಲೆ ಅವರ ಮಾತೇ ಕೊನೆಯ ಮಾತು.

ಲೈಫ್ ಜಾಕೆಟ್ ಹಾಕಿಕೊಳ್ಳಿ. ಕ್ಯಾಮೆರಾ ಹಿಡಿಯಲು ಅಡ್ಡವಾಗುತ್ತದೆಂದು ಬಿಚ್ಚಿಡುವವರನ್ನು ನೋಡಿದರೆ ಸಂಕಟವಾಗುತ್ತದೆ. ನಡುವಿನ ಹಲಗೆಯ ಮೇಲೆ, ದೋಣಿಯ ಗೆರೆಗೆ ನೇರವಾಗಿ ಮುಂದೆ ಮುಖ ಮಾಡಿ ಕೂರಿ, ಚೀಲ ಎರಡು ಕಾಲುಗಳ ನಡುವೆ ಇರಲಿ. ಜೊತೆಗಿರುವವರಿಬ್ಬರೂ ಒಂದೇ ಬದಿಗೆ ವಾಲಬಾರದು. ನಿಲ್ಲುವುದಂತೂ ಬೇಡವೇ ಬೇಡ. ಎಡಕ್ಕೆ, ಬಲಕ್ಕೆ, ನಿಲ್ಲಿಸಿ ಎನ್ನುವುದಕ್ಕೆ ಕೈಸನ್ನೆ ಗೊತ್ತುಮಾಡಿಕೊಂಡರೆ ಹಕ್ಕಿಗಳು ಹೆದರುವುದು ತಪ್ಪುತ್ತದೆ.

ಚೀಲದಲ್ಲಿ ಏನಿರಲಿ

ಒಂದು ಕ್ಯಾಮೆರಾ, ಒಂದು 24–70 ಅಥವಾ ಅದಕ್ಕೆ ಸಮನಾದ ಜೂಮ್. ಎರಡನೇ ಕ್ಯಾಮೆರಾ ಇದ್ದರೆ ಅದಕ್ಕೆ 70–200. ಉಪ್ಪುಗಾಳಿಯಲ್ಲಿ, ಹುಟ್ಟಿನಿಂದ ಹನಿ ಸಿಡಿಯುವಲ್ಲಿ ಲೆನ್ಸ್ ಬದಲಿಸುವುದು ಕ್ಯಾಮೆರಾಕ್ಕೆ ಕೇಡು. ಒಂದೇ ಕ್ಯಾಮೆರಾ ಇರುವವರು ಒಂದೇ ಲೆನ್ಸಿನಲ್ಲಿ ಆ ಬೆಳಗನ್ನು ಮುಗಿಸಲಿ. ತೀರಾ ಅಗಲ ಲೆನ್ಸ್ ಮೇಲೆ ಹೆಚ್ಚು ನೆಚ್ಚಬೇಡಿ. ದೋಣಿಯ ಮೂತಿ, ಅಂಬಿಗರ ಮೊಣಕೈ, ಬರೀ ಆಕಾಶ ಇವೇ ತುಂಬಿಕೊಳ್ಳುತ್ತವೆ, ಮರಗಳು ದೂರ ಸರಿದು ಪೊದೆಗಳಾಗುತ್ತವೆ. 70–200ರಲ್ಲಿ ಮರಗಳ ಸಾಲು ಒತ್ತೊತ್ತಾಗಿ ಬಂದು ಕಾಡಿನ ದಟ್ಟಣೆ ಕಾಣಿಸುತ್ತದೆ. ಜೌಗಿನ ಭೂದೃಶ್ಯಕ್ಕೆ ಅದು ಬಹಳ ಜನ ಅಂದುಕೊಂಡಿರುವುದಕ್ಕಿಂತ ಹೆಚ್ಚು ಒದಗುವ ಲೆನ್ಸ್.

ಟ್ರೈಪಾಡ್ ಮನೆಯಲ್ಲಿರಲಿ. ನಿಂತ ನೆಲವೇ ಅಲುಗುವಾಗ ಅದರ ಮೂರು ಕಾಲಿನಿಂದ ಏನೂ ಪ್ರಯೋಜನವಿಲ್ಲ. ಬಾಯಿ ಮಡಚಿ ನೀರು ನುಗ್ಗದಂತೆ ಮುಚ್ಚುವ ಡ್ರೈಬ್ಯಾಗ್, ನಾಲ್ಕಾರು ಮೆತ್ತನೆ ಒರೆಸುವ ಬಟ್ಟೆ, ಒಂದು ಸಣ್ಣ ಬಾಟಲಿ ಸಿಹಿನೀರು, ಸಿಲಿಕಾ ಜೆಲ್ ಪೊಟ್ಟಣ, ಪೋಲರೈಸರ್ ಫಿಲ್ಟರ್, ಟೋಪಿ, ಕುಡಿಯುವ ನೀರು. ಇಷ್ಟೇ. ಕ್ಯಾಮೆರಾದ ಪಟ್ಟಿ ಸದಾ ಕೊರಳಲ್ಲೋ ಮುಂಗೈಯಲ್ಲೋ ಇರಬೇಕು.

ಎ.ಸಿ. ಕೋಣೆಯಲ್ಲಿ ರಾತ್ರಿ ಕಳೆದ ಲೆನ್ಸ್ ಕರಾವಳಿಯ ತೇವದ ಗಾಳಿಗೆ ಬಂದ ಕ್ಷಣ ಹಬೆಗಟ್ಟುತ್ತದೆ, ಮುಂಜಾವಿನ ಒಳ್ಳೆಯ ಬೆಳಕೆಲ್ಲ ಅದನ್ನು ಒರೆಸುವುದರಲ್ಲೇ ಹೋಗುತ್ತದೆ. ಕ್ಯಾಮೆರಾ ಚೀಲವನ್ನು ರಾತ್ರಿ ಎ.ಸಿ. ಇಲ್ಲದ ಕಡೆ ಇಡಿ. ಅದು ಆಗದಿದ್ದರೆ ಹೊರಡುವ ಒಂದು ಗಂಟೆ ಮುಂಚೆ ಚೀಲ ಮುಚ್ಚಿದಂತೆಯೇ ಹೊರಗಿಟ್ಟು ಬಿಸಿ ಹಿಡಿಯಲು ಬಿಡಿ.

ದೋಣಿ ಅಲುಗಿದರೂ ಚಿತ್ರ ಅಲುಗಬಾರದು

ಮೊದಲ ನಿಯಮ ಶಟರ್ ವೇಗದ್ದು. ನಿಂತ ನೀರಿನಲ್ಲಿ, ಅಗಲ ಕೋನದಲ್ಲಿ ಸೆಕೆಂಡಿನ 1/125 ಸಾಕಾಗಬಹುದು. ದೋಣಿ ತೇಲುತ್ತಿರುವಾಗ 1/250ಕ್ಕಿಂತ ಕೆಳಗೆ ಇಳಿಯಬೇಡಿ. 200 ಮಿ.ಮೀ. ಕಡೆ ಹೋದಾಗ 1/500ರಿಂದ 1/1000. ಅಪರ್ಚರ್ ಎಫ್ 5.6ರಿಂದ 8ರ ನಡುವೆ ಇಟ್ಟರೆ ಮುಂದಿನ ಬೇರಿನಿಂದ ಹಿಂದಿನ ಸಾಲಿನವರೆಗೆ ಬೇಕಾದಷ್ಟು ಸ್ಪಷ್ಟತೆ ಸಿಗುತ್ತದೆ. ಈ ಎರಡನ್ನೂ ಕೈಯಾರೆ ಹೊಂದಿಸಿ ಐಎಸ್‌ಒವನ್ನು ಕ್ಯಾಮೆರಾಕ್ಕೆ ಬಿಟ್ಟುಬಿಡಿ, ಮೇಲ್ಮಿತಿ 3200 ಇರಲಿ. ಬೆಳಗಿನ ಮೊದಲ ಅರ್ಧ ಗಂಟೆ ಐಎಸ್‌ಒ ಮೇಲೇರಿ ಚಿತ್ರದಲ್ಲಿ ಸ್ವಲ್ಪ ಕಾಳು ಕಾಣಿಸಿಕೊಳ್ಳುತ್ತದೆ. ಕಾಳನ್ನು ಆಮೇಲೆ ತಗ್ಗಿಸಬಹುದು, ಅಲುಗಿದ ಚಿತ್ರವನ್ನು ಯಾರೂ ಸರಿಮಾಡಲಾರರು.

ಲೆನ್ಸಿನಲ್ಲೋ ಕ್ಯಾಮೆರಾದಲ್ಲೋ ಇರುವ ಕಂಪನ ತಡೆ ವ್ಯವಸ್ಥೆ ನಿಮ್ಮ ಕೈನಡುಕವನ್ನು ತಡೆಯುತ್ತದೆ. ದೋಣಿಯೇ ಪಕ್ಕಕ್ಕೆ ಜಾರುತ್ತಿರುವುದನ್ನು ಅದು ತಡೆಯುವುದಿಲ್ಲ. ಅದನ್ನು ಚಾಲೂ ಇಟ್ಟುಕೊಳ್ಳಿ, ಅದನ್ನೇ ನಂಬಿ ಶಟರ್ ವೇಗ ಇಳಿಸಬೇಡಿ. ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಂಡು ಹಿಡಿಯಿರಿ. ದೋಣಿಯ ಅಂಚಿನ ಮೇಲೆ ಕೈ ಊರಿದರೆ ಎಂಜಿನ್ ಮತ್ತು ಹುಟ್ಟಿನ ಅದುರು ನೇರ ಕ್ಯಾಮೆರಾಕ್ಕೆ ಹೋಗುತ್ತದೆ. ಮೈ ಅದನ್ನು ನುಂಗಿಕೊಳ್ಳಬಲ್ಲದು. ದೋಣಿ ಒಂದು ಬದಿಗೆ ಓಲಿ ಮರಳುವ ಮುಂಚೆ ಒಂದು ಕ್ಷಣ ನಿಲ್ಲುತ್ತದೆ. ಆ ಕ್ಷಣಕ್ಕೆ ಮೂರು ಚಿತ್ರಗಳನ್ನು ಒಟ್ಟಿಗೆ ತೆಗೆಯಿರಿ, ಒಂದಾದರೂ ನೆಟ್ಟಗೆ ಬರುತ್ತದೆ.

ನೆಟ್ಟಗೆ ಎಂದಾಗ ನೆನಪಿಡಬೇಕಾದ್ದು ನೀರಿನ ಗೆರೆ. ಕಾಡಿನ ಚಿತ್ರ ಸ್ವಲ್ಪ ವಾರೆಯಾದರೆ ಯಾರಿಗೂ ತಿಳಿಯುವುದಿಲ್ಲ. ನೀರು ವಾರೆಯಾದರೆ ನೋಡುವವರ ಕಣ್ಣು ಅಲ್ಲೇ ಸಿಕ್ಕಿಬೀಳುತ್ತದೆ. ಪರದೆಯ ಮೇಲೆ ಅಡ್ಡ-ಉದ್ದ ಗೆರೆಗಳನ್ನು ಹಾಕಿಕೊಳ್ಳಿ, ಮಟ್ಟ ತೋರಿಸುವ ಸೌಲಭ್ಯವಿದ್ದರೆ ಅದನ್ನೂ.

ಬೇರೆ ಬೇರೆ ಎಕ್ಸ್‌ಪೋಷರ್‌ನ ಮೂರು ಚಿತ್ರ ತೆಗೆದು ಆಮೇಲೆ ಸೇರಿಸುವ ಎಚ್‌ಡಿಆರ್ ವಿಧಾನ, ಹಲವು ಚಿತ್ರ ಹೊಲಿದು ಮಾಡುವ ಪನೋರಮಾ ಎರಡನ್ನೂ ಇಲ್ಲಿ ಮರೆತುಬಿಡಿ. ಎರಡು ಕ್ಲಿಕ್ಕುಗಳ ನಡುವೆ ದೋಣಿ ಒಂದಡಿ ಸರಿದಿರುತ್ತದೆ, ಹತ್ತಿರದ ಬೇರು ಹಿಂದಿನ ಬೇರಿನ ಮುಂದೆ ಜಾಗ ಬದಲಿಸಿರುತ್ತದೆ, ಸಾಫ್ಟ್‌ವೇರ್ ಗೊಂದಲಕ್ಕೆ ಬೀಳುತ್ತದೆ. ಒಂದೇ ಚಿತ್ರವನ್ನು ರಾ ಕಡತವಾಗಿ ತೆಗೆಯುವುದು ಒಳ್ಳೆಯದು. ನೆರಳಿನ ಹಸಿರು ಕಪ್ಪು, ನೀರಿನ ಮೇಲಿನ ಹೊಳಪು ಬಿಳಿ. ಕ್ಯಾಮೆರಾ ನೆರಳನ್ನು ನೋಡಿ ಮೋಸಹೋಗುತ್ತದೆ. ಎಕ್ಸ್‌ಪೋಷರನ್ನು ಮೂರನೇ ಎರಡು ಸ್ಟಾಪ್‌ನಷ್ಟು ತಗ್ಗಿಸಿ, ಹಿಸ್ಟೋಗ್ರಾಂ ಬಲಗೋಡೆಗೆ ತಾಗುತ್ತಿಲ್ಲವೇ ನೋಡಿಕೊಳ್ಳಿ. ನೆರಳನ್ನು ರಾ ಕಡತದಿಂದ ಎಬ್ಬಿಸಬಹುದು. ಸುಟ್ಟು ಬಿಳಿಯಾದ ಆಕಾಶದಲ್ಲಿ ಎಬ್ಬಿಸಲು ಏನೂ ಉಳಿದಿರುವುದಿಲ್ಲ.

ಪೋಲರೈಸರ್ ಬಗ್ಗೆ ತಪ್ಪು ತಿಳಿವಳಿಕೆ ಬಹಳ. ಅದು ಮೇಣದ ಹೊಳಪಿನ ಕಾಂಡ್ಲಾ ಎಲೆಗಳ ಮೇಲಿನ ಬಿಳಿ ಮಿನುಗನ್ನು ತೆಗೆದು ಹಸಿರನ್ನು ಹೊರಗೆ ತರುತ್ತದೆ, ಒದ್ದೆ ಕೆಸರಿನ ನಿಜವಾದ ಬಣ್ಣ ತೋರಿಸುತ್ತದೆ. ಹಾಗೆಯೇ ಪ್ರತಿಬಿಂಬವನ್ನೂ ಅಳಿಸಿಹಾಕುತ್ತದೆ. ಉಬ್ಬರದಲ್ಲಿ ಪ್ರತಿಬಿಂಬಕ್ಕಾಗಿ ಹೋದವರು ಅದನ್ನು ಬಿಚ್ಚಿಡಬೇಕು, ಇಳಿತದಲ್ಲಿ ಬೇರಿಗಾಗಿ ಹೋದವರು ಹಾಕಿಕೊಳ್ಳಬೇಕು. ಅದು ಒಂದೆರಡು ಸ್ಟಾಪ್ ಬೆಳಕನ್ನೂ ನುಂಗುತ್ತದೆ, ಹಾಗಾಗಿ ಮುಂಜಾವಿಗೆ ಹೊಂದುವುದಿಲ್ಲ. ಬಿಸಿಲೇರಿದ ಮೇಲೆ ತಿರುಗಿಸುತ್ತಾ ನೋಡಿ, ಬೇಕಾದಲ್ಲಿ ನಿಲ್ಲಿಸಿ.

ಬಣ್ಣದ ಹೊಂದಾಣಿಕೆಯನ್ನು ಕ್ಯಾಮೆರಾದ ಇಷ್ಟಕ್ಕೆ ಬಿಡದೆ ಬಿಸಿಲು ಅಥವಾ ಮೋಡದ ಸೆಟ್ಟಿಂಗ್‌ಗೆ ಇಟ್ಟುಬಿಡಿ. ಎಲೆಗಳ ಚಾವಣಿಯ ಕೆಳಗೆ ಎಲ್ಲಕ್ಕೂ ಹಸಿರು ಬಳಿದುಕೊಳ್ಳುತ್ತದೆ, ಅದನ್ನು ಮನೆಯಲ್ಲಿ ಹದಮಾಡಬಹುದು.

ಗೋಜಲಿನೊಳಗೆ ಚಿತ್ರ

ಕಾಂಡ್ಲಾ ಕಾಡು ಕಣ್ಣಿಗೆ ತುಂಬ ಚೆಂದ, ಚಿತ್ರದಲ್ಲಿ ಬಹಳ ಸಲ ಬರೀ ಗೋಜಲು. ಕಣ್ಣಿಗೆ ಆಳ ಕಾಣುತ್ತದೆ, ಕ್ಯಾಮೆರಾ ಎಲ್ಲವನ್ನೂ ಒಂದೇ ಹಾಳೆಗೆ ಅಂಟಿಸುತ್ತದೆ. ಹಾಗಾಗಿ ಇಲ್ಲಿನ ಕೆಲಸವೆಲ್ಲ ಬಿಡುವುದರದ್ದು: ಯಾವುದನ್ನು ಚೌಕಟ್ಟಿನಿಂದ ಹೊರಗಿಡಬೇಕು ಎಂದು ಯೋಚಿಸುವುದು. ಅದಕ್ಕೆ ಮೊದಲು ಮರಗಳನ್ನು ಬಿಡಿಬಿಡಿಯಾಗಿ ನೋಡಲು ಕಲಿಯಬೇಕು.

ಇಳಿತದಲ್ಲಿ ಕಮಾನು ಬೇರುಗಳ ಮೇಲೆ ನಿಂತ ಒಂದು ರೈಜೊಫೊರಾ ಮರದ ಹತ್ತಿರ ದೋಣಿ ನಿಲ್ಲಿಸಿ ಕೆಳಗಿನಿಂದ ಮೇಲಕ್ಕೆ ಕಣ್ಣು ಹಾಯಿಸಿ. ತಳದಲ್ಲಿ ಬೇರುಗಳು ಕೆಸರಿನ ಬೂದು ಬಣ್ಣ ಬಳಿದುಕೊಂಡಿರುತ್ತವೆ. ಅದರ ಮೇಲೆ ಒಂದು ಪಟ್ಟಿಯಷ್ಟು ಎತ್ತರಕ್ಕೆ ಕಲ್ವದ ಚಿಪ್ಪುಗಳು ಕಚ್ಚಿಕೊಂಡಿರುತ್ತವೆ, ಅವುಗಳ ಅಂಚು ಬಿಸಿಲಿಗೆ ಬೆಳ್ಳಗೆ ಕಾಣುತ್ತದೆ. ಇನ್ನೂ ಮೇಲೆ ಒಣಗಿದ ಕಂದು ತೊಗಟೆ, ಅಲ್ಲಿ ಆಗಾಗ ಏಡಿಯೊಂದು ಬೇರಿನ ಆ ಬದಿಗೆ ಸರಿದು ಅಡಗುತ್ತದೆ. ಆಮೇಲೆ ಎಲೆ. ನೀರಿನ ಕಡೆಗೆ ಬಾಗಿದ ಕೊಂಬೆಗಳಲ್ಲಿ ಎಲೆಗಳ ಕೆಳಅಂಚು ಸಾಲಿನುದ್ದಕ್ಕೂ ಒಂದೇ ಮಟ್ಟದಲ್ಲಿ ನಿಂತಿರುವುದನ್ನು ಗಮನಿಸಿ. ಅದು ದೊಡ್ಡ ಉಬ್ಬರದ ನೀರು ಮುಟ್ಟುವ ಮಟ್ಟ, ಅದರ ಕೆಳಗೆ ಎಲೆ ಉಳಿಯುವುದಿಲ್ಲ. ಈ ಪಟ್ಟಿಗಳನ್ನು ಒಮ್ಮೆ ನೋಡಿದರೆ ಚಿತ್ರದ ಅಡ್ಡಗೆರೆಗಳು ತಾವೇ ಸಿಗುತ್ತವೆ. ಬರೀ ಬೂದು ಮತ್ತು ಬಿಳಿ ಪಟ್ಟಿಯನ್ನು 100 ಮಿ.ಮೀ. ಆಸುಪಾಸಿನಲ್ಲಿ ಕತ್ತರಿಸಿ ತೆಗೆದರೂ ಚಿತ್ರವಾಗುತ್ತದೆ. ಕಾಯಿಯ ಕಾಲದಲ್ಲಿ ಮರದಲ್ಲೇ ಮೊಳೆತ ಸಸಿಗಳು ನುಗ್ಗೆಕಾಯಿಯಂತೆ ಜೋತುಬಿದ್ದಿರುತ್ತವೆ, ಹಿಂದಿನಿಂದ ಬಿಸಿಲು ಬಿದ್ದಾಗ ಅವು ಎಲೆಗಳಿಂದ ಬೇರೆಯಾಗಿ ಎದ್ದು ಕಾಣುತ್ತವೆ.

ಅವಿಸೀನಿಯಾ ಎಂಬ ಇನ್ನೊಂದು ಕಾಂಡ್ಲಾ ಮರದ ಜಾಗ ಬೇರೆ ಬಗೆ. ಅಲ್ಲಿ ಕಮಾನು ಬೇರುಗಳಿಲ್ಲ. ಕೆಸರಿನಿಂದ ಗೇಣುದ್ದದ ಉಸಿರುಬೇರುಗಳು ಸಾವಿರಗಟ್ಟಲೆ ನೆಟ್ಟಗೆ ಎದ್ದಿರುತ್ತವೆ. ಸೂರ್ಯ ತಗ್ಗಿರುವಾಗ ಒಂದೊಂದರ ನೆರಳೂ ಕೆಸರಿನ ಮೇಲೆ ಉದ್ದಕ್ಕೆ ಬೀಳುತ್ತದೆ. ಬಿಸಿಲು ಪಕ್ಕದಿಂದ ಬರುವಂತೆ ದೋಣಿ ತಿರುಗಿಸಿಕೊಂಡು, ಕ್ಯಾಮೆರಾವನ್ನು ದೋಣಿಯ ಅಂಚಿನ ಮಟ್ಟಕ್ಕೆ ಇಳಿಸಿ ತೆಗೆಯಿರಿ. ಮಡಚುವ ಪರದೆ ಇದ್ದರೆ ಇಲ್ಲಿ ಅದರ ಬೆಲೆ ತಿಳಿಯುತ್ತದೆ, ಇಲ್ಲದಿದ್ದರೆ ಅಂದಾಜಿನ ಮೇಲೆ ತೆಗೆದು ನೋಡಿ ಸರಿಮಾಡಿಕೊಳ್ಳಿ. ಕ್ಯಾಮೆರಾ ತಗ್ಗಿಸಿ, ನೀವು ಬಾಗಬೇಡಿ.

ಸೊನ್ನರೇಶಿಯಾ ಮರದ ಹೂ ರಾತ್ರಿ ಅರಳಿ ಬೆಳಗಾಗುವಷ್ಟರಲ್ಲಿ ಕೇಸರಗಳನ್ನು ಉದುರಿಸುತ್ತದೆ. ಹೂ ಬಿಡುವ ದಿನಗಳಲ್ಲಿ ನಸುಕಿಗೆ ಉಬ್ಬರವಿದ್ದರೆ ಮರದ ಬುಡದ ನಿಂತ ನೀರಿನ ಮೇಲೆ ಆ ಕೇಸರಗಳು ತೇಲುತ್ತಿರುತ್ತವೆ. ಒಂದು ಜಾತಿಯದ್ದು ಬಿಳಿ, ಇನ್ನೊಂದರದ್ದು ಕೆಂಪು. ಭೂದೃಶ್ಯದ ಮುನ್ನೆಲೆಗೆ ಇದಕ್ಕಿಂತ ಒಳ್ಳೆಯದು ಸಿಗದು. ನೀರು ತಿರುಗುವ ಮುಂಚೆ ತೆಗೆದುಬಿಡಬೇಕು.

ಮೋಡ ಕವಿದ ದಿನ ಬೇಸರಪಡಬೇಡಿ. ಬಿಸಿಲಿನಲ್ಲಿ ಎಲೆಯೆಲೆಯೂ ಮಿನುಗಿ ಗೋಜಲು ಹೆಚ್ಚುತ್ತದೆ, ಮೋಡದ ಮೆತ್ತಗಿನ ಬೆಳಕಿನಲ್ಲಿ ಬೇರುಗಳ ಆಕಾರ ಸ್ಪಷ್ಟವಾಗುತ್ತದೆ. ಆಕಾಶ ಬಿಳಿಯಾಗಿದ್ದರೆ ಅದನ್ನು ಚೌಕಟ್ಟಿನಿಂದ ಪೂರ್ತಿ ಬಿಟ್ಟುಬಿಡಿ. ಮಂಜಿನ ದಿನವಂತೂ ಕೆಲಸ ತಾನಾಗಿ ಆಗುತ್ತದೆ. ಮುಂದಿನ ಮರ ಕಡು, ಹಿಂದಿನದು ತೆಳು, ಅದರ ಹಿಂದಿನದು ಬರೀ ಗುರುತು. ಮಂಜಿನಲ್ಲಿ ಎಕ್ಸ್‌ಪೋಷರ್ ತಗ್ಗಿಸಬಾರದು, ಸ್ವಲ್ಪ ಏರಿಸಬೇಕು. ಇಲ್ಲದಿದ್ದರೆ ಬೆಳ್ಳನೆಯ ಮಂಜು ಕೊಳಕು ಬೂದಿಯಾಗುತ್ತದೆ. ಡಿಸೆಂಬರ್-ಜನವರಿಯಲ್ಲಿ ಇಲ್ಲಿ ಸೂರ್ಯ ಹುಟ್ಟುವುದು ಏಳರ ಹತ್ತಿರ. ಪೂರ್ವಕ್ಕೆ ಘಟ್ಟವಿರುವುದರಿಂದ ನೀರಿನ ಮೇಲೆ ಬಿಸಿಲು ಬೀಳುವುದು ಇನ್ನೂ ತಡ. ಆರೂವರೆಗೆ ನೀರಿನ ಮೇಲಿದ್ದರೆ ಆ ನಡುವಿನ ನೀಲಿ ಬೆಳಕೆಲ್ಲ ನಿಮ್ಮದೇ.

ಅಗಲ ಜಾಗದಲ್ಲಿ ಒಂಟಿ ಮರ ಹುಡುಕಿ. ಕೆಸರುಬಯಲಿನ ನಡುವೆ ಒಂದೇ ಸಸಿ, ಸುತ್ತ ಖಾಲಿ ನೀರು, ಅಷ್ಟೇ. ಕಾಲುವೆಯ ತಿರುವಿನಲ್ಲಿ ದೋಣಿಯ ಮೂತಿಯನ್ನು ಬೇಕೆಂದೇ ಚೌಕಟ್ಟಿನ ಕೆಳಗೆ ಸೇರಿಸಿಕೊಂಡರೆ ನೋಡುವವರೂ ಆ ದೋಣಿಯಲ್ಲಿ ಕೂರುತ್ತಾರೆ. ಆದರೆ ಮೂತಿಯ ತುದಿ ಪೂರ್ತಿ ಕಾಣಬೇಕು, ಅರ್ಧ ಕತ್ತರಿಸಿದರೆ ಕಸದಂತಿರುತ್ತದೆ. ಹೊನ್ನಾವರದಲ್ಲಿ ಶರಾವತಿಯ ಮೇಲಿನ ಎರಡು ಕಿಲೋಮೀಟರ್‌ಗೂ ಉದ್ದದ ಕೊಂಕಣ ರೈಲ್ವೆ ಸೇತುವೆಯನ್ನು ಅನೇಕರು ಚಿತ್ರದಿಂದ ಹೊರಗಿಡಲು ಒದ್ದಾಡುತ್ತಾರೆ. 200 ಮಿ.ಮೀ.ನಲ್ಲಿ ಅದರ ಕಂಬಗಳ ಸಾಲನ್ನು ಕಾಂಡ್ಲಾ ಸಾಲಿನ ಹಿಂದೆ ಒತ್ತಿ ತೆಗೆದು ನೋಡಿ. ಈ ಊರಿನ ಜೌಗು ಹೀಗೆಯೇ ಇದೆ, ಹೀಗೆ ತೋರಿಸುವುದೇ ಸರಿ ಎಂದು ನನ್ನ ಅಭಿಪ್ರಾಯ.

ಮೊಬೈಲ್‌ನಲ್ಲೇ ತೆಗೆಯುವವರು ಮುಖ್ಯ ಲೆನ್ಸನ್ನೇ ಬಳಸಿ. ಬೆರಳು ಹಿಗ್ಗಿಸಿ ಜೂಮ್ ಮಾಡುವ ಬದಲು ದೋಣಿಯನ್ನು ಹತ್ತಿರ ಒಯ್ಯಲು ಹೇಳಿ. ಹೊಳೆಯುವ ನೀರಿನ ಮೇಲೆ ಬೆರಳು ಒತ್ತಿ ಹಿಡಿದು ಎಕ್ಸ್‌ಪೋಷರ್ ಕಟ್ಟಿಹಾಕಿ. ರಾತ್ರಿ ಮೋಡ್ ಕೆಲವು ಸೆಕೆಂಡುಗಳ ಬೆಳಕು ಕೂಡಿಸಿಕೊಳ್ಳುವುದರಿಂದ ದೋಣಿಯಲ್ಲಿ ನಸುಕಿಗೆ ಅದು ಕೆಲಸಕ್ಕೆ ಬಾರದು. ಮೊಬೈಲ್‌ಗೂ ಕೊರಳ ಪಟ್ಟಿ ಇರಲಿ.

ಮುಟ್ಟಬಾರದ್ದು, ಮುರಿಯಬಾರದ್ದು

ಒಳ್ಳೆಯ ನೋಟಕ್ಕೆ ಅಡ್ಡ ಬಂದ ಕೊಂಬೆಯನ್ನು ಮುರಿಯಬೇಡಿ, ಮುರಿಯಲು ದೋಣಿಯವರಿಗೆ ಹೇಳಲೂಬೇಡಿ. ಕಾಂಡ್ಲಾ ಕಾಡಿಗೆ ಕಾನೂನಿನ ರಕ್ಷಣೆಯಿದೆ ಎಂಬುದು ಒಂದು ಕಾರಣ. ಎಕ್ಸಿಕೇರಿಯಾ ಎಂಬ ಮರ ಈ ಕಾಡುಗಳಲ್ಲಿ ಬೆಳೆಯುತ್ತದೆ ಎಂಬುದು ಇನ್ನೊಂದು. ಉದುರುವ ಮುಂಚೆ ಅದರ ಎಲೆ ಕೆಂಪಾಗಿ ನೋಡಲು ಆಕರ್ಷಕವಾಗಿರುತ್ತದೆ, ಆದರೆ ಕೊಂಬೆ ಮುರಿದರೆ ಒಸರುವ ಹಾಲು ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ. ಗುರುತು ಸಿಗದ ಮರವನ್ನು ಕೈಯಿಂದ ಸರಿಸಬೇಡಿ.

ಎಳೆಯ ಸಸಿಗಳಿಗೆ ದೋಣಿ ಕಟ್ಟಬಾರದು; ಗಳ ಊರಿ ನಿಲ್ಲಿಸಬಹುದು. ಕೊಕ್ಕರೆಗಳು ಗುಂಪಾಗಿ ಕೂತ ಮರದ ಕೆಳಗೆ ದೋಣಿ ನುಗ್ಗಿಸಬೇಡಿ. ಅವೆಲ್ಲ ಒಟ್ಟಿಗೆ ಹಾರಿದ ಚಿತ್ರ ಚೆಂದ ಕಾಣಬಹುದು, ಗೂಡಿನಲ್ಲಿ ಮರಿಯಿದ್ದರೆ ಅದರ ಬೆಲೆ ಮರಿ ಕೊಡಬೇಕಾಗುತ್ತದೆ.

ಇಳಿತದ ಹೊತ್ತಿನಲ್ಲಿ ಅಳಿವೆಯಲ್ಲಿ ನೀವೊಬ್ಬರೇ ಇರುವುದಿಲ್ಲ. ಸೊಂಟಮಟ್ಟದ ನೀರಿನಲ್ಲಿ ನಿಂತು ಬಳಚು ಎಂಬ ಚಿಪ್ಪುಮೀನು ಆರಿಸುವವರಿರುತ್ತಾರೆ, ಬಲೆ ಬಿಟ್ಟವರಿರುತ್ತಾರೆ. ಸಾವಿರಾರು ಮನೆಗಳ ಅನ್ನ ಈ ಕೆಸರಿನಲ್ಲಿದೆ. ಅವರು ದೂರದ ಆಕೃತಿಗಳಾಗಿ ಭೂದೃಶ್ಯದಲ್ಲಿ ಬಂದರೆ ಅಡ್ಡಿಯಿಲ್ಲ. ಮುಖ ಕಾಣುವಷ್ಟು ಹತ್ತಿರ ಹೋಗುವುದಿದ್ದರೆ ಮೊದಲು ಕ್ಯಾಮೆರಾ ಕೆಳಗಿಟ್ಟು ಮಾತಾಡಿಸಿ. “ಅಕ್ಕಾ, ಒಂದು ಫೋಟೊ ತೆಗೀಲಾ?” ಎಂದು ಕೇಳಿ, ಬೇಡವೆಂದರೆ ಅಲ್ಲಿಗೆ ಬಿಡಿ. ಒದ್ದೆ ಬಟ್ಟೆಯಲ್ಲಿ ಕೆಲಸದ ನಡುವೆ ಇರುವ ಹೆಂಗಸರ ಚಿತ್ರವನ್ನು ಕೇಳದೆ ತೆಗೆದು ಹಂಚುವುದು ತಪ್ಪು. ಅವರ ಬಲೆಯ ಗುರುತುಗಳ ಮೇಲೆ ದೋಣಿ ಹಾಯಿಸದಂತೆಯೂ ನೋಡಿಕೊಳ್ಳಿ.

ಮನೆಗೆ ಬಂದ ಮೇಲೆ

ಉಪ್ಪು ಕಾಯುವುದಿಲ್ಲ. ಬಟ್ಟೆಯನ್ನು ಸಿಹಿನೀರಿನಲ್ಲಿ ಅದ್ದಿ, ಚೆನ್ನಾಗಿ ಹಿಂಡಿ, ಕ್ಯಾಮೆರಾದ ಮೈ, ಲೆನ್ಸಿನ ಬಳೆಗಳು, ಪಟ್ಟಿಯ ಕೊಂಡಿಗಳನ್ನು ಅದೇ ದಿನ ಒರೆಸಿ. ಆಮೇಲೆ ಒಣಬಟ್ಟೆ. ಲೆನ್ಸಿನ ಗಾಜಿನ ಮೇಲೆ ಒಣಗಿದ ಹನಿಯಿದ್ದರೆ ಒಣಬಟ್ಟೆಯಿಂದ ತಿಕ್ಕಬೇಡಿ, ಉಪ್ಪಿನ ಹರಳು ಗೀರು ಹಾಕುತ್ತದೆ. ಮೊದಲು ತೇವ ಮಾಡಿ ಕರಗಿಸಿ. ಚೀಲವನ್ನು ತೆರೆದು ನೆರಳಿನಲ್ಲಿ ಒಣಗಿಸಿ.

ಚಿತ್ರ ತಿದ್ದುವಾಗ ಮೊದಲು ನೀರಿನ ಗೆರೆ ನೇರ ಮಾಡಿ, ಬಳಿಕ ನೆರಳು ಎಬ್ಬಿಸಿ. ಪೂರ್ತಿ ಎಬ್ಬಿಸಬೇಡಿ, ಬೇರುಗಳ ಒಳಗಿನ ಕತ್ತಲೆ ಕತ್ತಲೆಯಾಗಿಯೇ ಇರಬೇಕು. ಹಸಿರಿನ ಗಾಢತೆಯನ್ನು ಹೆಚ್ಚಿಸುವ ಆಸೆ ಬೇಡ. ಕಾಂಡ್ಲಾದ ಹಸಿರಿನಲ್ಲಿ ಒಂದಿಷ್ಟು ಹಳದಿ, ಒಂದಿಷ್ಟು ಬೂದು ಬೆರೆತಿರುತ್ತದೆ. ಅವಿಸೀನಿಯಾ ಎಲೆಗಳು ಒಳಗಿನ ಉಪ್ಪನ್ನು ಹೊರಹಾಕಿ, ಒಣ ದಿನಗಳಲ್ಲಿ ಅದು ಹರಳಾಗಿ ಎಲೆಯ ಮೇಲೆಯೇ ಕೂರುವುದೂ ಉಂಟು. ಆ ಮಂಕು ಈ ಕಾಡಿನ ಸ್ವಂತ ಬಣ್ಣ.

ಕಡತಕ್ಕೆ ಹೆಸರಿಡುವಾಗ ದಿನಾಂಕ, ಜಾಗಗಳ ಜೊತೆ ತಿಥಿಯನ್ನೂ ಕೋಷ್ಟಕದ ನೀರಿನ ಎತ್ತರವನ್ನೂ ಬರೆಯಿರಿ. ಮರುವರ್ಷ ಅದೇ ತಿಥಿಯ ಅದೇ ಎತ್ತರದ ನೀರಿನಲ್ಲಿ ಅದೇ ತಿರುವಿಗೆ ಹೋಗಿ, ಅದೇ ಲೆನ್ಸಿನಲ್ಲಿ ಇನ್ನೊಂದು ತೆಗೆದರೆ ಕಾಂಡ್ಲಾ ಅಂಚು ಮುಂದೆ ಬಂದಿದೆಯೋ ಹಿಂದೆ ಸರಿದಿದೆಯೋ ಎಂಬುದು ಎರಡು ಚಿತ್ರ ಪಕ್ಕಪಕ್ಕ ಇಟ್ಟಾಗ ತಿಳಿಯುತ್ತದೆ. ನೀರಿನ ಎತ್ತರ ಬರೆದಿಡದ ಚಿತ್ರಗಳನ್ನು ಹೀಗೆ ಹೋಲಿಸಲು ಬರುವುದಿಲ್ಲ.